ಎಲ್ಲರ ಓಟಿಗೂ ನಾನೇ ಸಾಕ್ಷಿ

ಚುನಾವಣೆ ಯಾವ ದೇಶದ್ದೇ ಇರಲಿ, ಅದರ ಬಿಸಿ ಹೇಗೋ ಬಂದು ನನ್ನ ಹೊಟ್ಟೆಗೇ ತಾಗುತ್ತದೆ. ಇಪ್ಪತ್ತಕ್ಕೆ ಮದುವೆಯಾಗಿ ಮಂಗಳೂರಿನಿಂದ ಹೊರಟವಳು ಮಸ್ಕತ್, ನೈರೋಬಿ, ಕೌಲಾಲಂಪುರ ಅಂತ ಸುತ್ತಿ ಹನ್ನೆರಡು ವರ್ಷದಿಂದ ದುಬೈಯಲ್ಲಿದ್ದೇನೆ. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಅದಕ್ಕೇ ಊರಿನಲ್ಲಿ ಓಟು ನಡೆದಾಗಲೆಲ್ಲ ನಾನು ಇನ್ನೆಲ್ಲೋ ಇರುತ್ತಿದ್ದೆ, ಐವತ್ತು ದಾಟಿದರೂ ಒಂದು ಓಟೂ ಹಾಕಿರಲಿಲ್ಲ. ನಮ್ಮ ಪಾಸ್‌ಪೋರ್ಟಿನವರು ಹೊರದೇಶದಲ್ಲಿದ್ದರೂ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಸರಿ. ಆದರೆ ಓಟು ಒತ್ತಬೇಕಾದರೆ ಊರಿನ ಮತಗಟ್ಟೆಗೆ ನಾವೇ ಹೋಗಬೇಕು. ಅಂಚೆಯಲ್ಲಿ ಇಲ್ಲ, ಫೋನಿನಲ್ಲಿ ಇಲ್ಲ, ಖಲಾಸ್. ಉಳಿದ ದೇಶದವರು ಮಾತ್ರ ಇಲ್ಲೇ, ನನ್ನ ಮೂಗಿನ ಕೆಳಗೇ ಓಟು ಹಾಕುತ್ತಾರೆ. ಈ ಪ್ರಸಂಗಗಳನ್ನು ನಡೆದ ಕ್ರಮದಲ್ಲಿ ಬರೆದಿಲ್ಲ, ಹೊಟ್ಟೆ ಉರಿದ ಕ್ರಮದಲ್ಲಿ ಬರೆದಿದ್ದೇನೆ.

೧. ಅನ್ನ ಬಿಸಿಯಾಗುವಷ್ಟರಲ್ಲಿ

ನಮ್ಮ ಆಫೀಸು ಜುಮೇರಾ ಲೇಕ್ ಟವರ್ಸ್‌ನಲ್ಲಿ. ರಿಸೆಪ್ಶನ್‌ನ ಫಿಲಿಪ್ಪೀನ್ಸ್ ಹುಡುಗಿ ಹಿಂದೆಲ್ಲ ಓಟಿಗೆ ರಜೆ ಹಾಕಿ, ಅವರ ಕಾನ್ಸುಲೇಟಿನ ಮುಂದೆ ಬಿಸಿಲಿನಲ್ಲಿ ಕ್ಯೂ ನಿಂತು ಬರುತ್ತಿದ್ದಳು. ಅಷ್ಟರ ಮಟ್ಟಿಗೆ ನನಗೂ ಸಮಾಧಾನವಿತ್ತು. ಮುಖ ಕೆಂಪಾಗಿಸಿಕೊಂಡು ಬಂದವಳಿಗೆ ನಾನೇ ಮಜ್ಜಿಗೆ ಕೊಟ್ಟದ್ದುಂಟು. ಈಗ ಅವರ ನಿಯಮ ಬದಲಾಗಿ, ಫೋನಿನಲ್ಲೇ ಹಾಕಬಹುದಂತೆ.

ಅವತ್ತು ಪ್ಯಾಂಟ್ರಿಯಲ್ಲಿ ಊಟದ ಡಬ್ಬಿಯನ್ನು ಮೈಕ್ರೋವೇವಿನಲ್ಲಿಟ್ಟು, ಫೋನಿಗೆ ಮುಖ ತೋರಿಸಿ ಏನೇನೋ ಒತ್ತುತ್ತಿದ್ದಳು. ಫೋಟೋ ತೆಗೆಯುತ್ತಿದ್ದೀಯಾ ಅಂತ ಕೇಳಿದೆ. ಅಲ್ಲ ಮೇಡಂ, ಸೆನೆಟಿಗೆ ಜನ ಆರಿಸುತ್ತಿದ್ದೇನೆ ಅಂದಳು. ಹನ್ನೆರಡು ಜನರನ್ನು ಆರಿಸಬಹುದಂತೆ. ನನಗೆ ಒಬ್ಬನನ್ನೂ ಆರಿಸುವ ಯೋಗವಿಲ್ಲ, ಇವಳಿಗೆ ಡಜನ್ ಲೆಕ್ಕದಲ್ಲಿ. ಮೈಕ್ರೋವೇವ್ ಕುಂಯ್ ಅಂದಿತು, ಅವಳ ಓಟೂ ಮುಗಿಯಿತು. ಡಬ್ಬಿ ಮುಟ್ಟಿ ನೋಡಿ ಮುಖ ಸಪ್ಪೆ ಮಾಡಿದಳು.

"ಸರ್ಕಾರ ಆಯ್ತು ಮೇಡಂ, ಅನ್ನ ಇನ್ನೂ ತಣ್ಣಗೇ ಇದೆ."

೨. ಸಾಕ್ಷಿಯ ವಿಳಾಸ

ಪಕ್ಕದ ಕ್ಯಾಬಿನ್ನಿನ ಅಮೆರಿಕದವನದ್ದು ಇನ್ನೊಂದು ವೈಭವ. ಅವನ ರಾಜ್ಯದವರು ಅವನನ್ನು ಹುಡುಕಿ ಮತಪತ್ರ ಕಳಿಸುತ್ತಾರೆ. ಅದು ಒಂದು ಲಕೋಟೆಯೊಳಗೆ, ಆ ಲಕೋಟೆ ಇನ್ನೊಂದು ಲಕೋಟೆಯೊಳಗೆ, ನಮ್ಮಲ್ಲಿ ಮದುವೆಯ ಕರೆಯೋಲೆಗೂ ಅಷ್ಟು ಮರ್ಯಾದೆ ಇಲ್ಲ. ಹೊಸ ನಿಯಮದ ಪ್ರಕಾರ ಹೊರಗಿನ ಲಕೋಟೆಗೆ ಒಬ್ಬ ಸಾಕ್ಷಿಯ ಸಹಿಯೂ ಪೂರ್ತಿ ವಿಳಾಸವೂ ಬೇಕು. ಸಾಕ್ಷಿ ಅವನು ಗುರುತು ಹಾಕುವುದನ್ನು ನೋಡಬೇಕು, ಎಲ್ಲಿ ಹಾಕಿದ ಅಂತ ನೋಡಬಾರದು. ಆ ಕೆಲಸಕ್ಕೆ ಅವನಿಗೆ ಸಿಕ್ಕಿದ್ದು ನಾನು. ಏಕಾದಶಿಯ ಉಪವಾಸದವಳನ್ನು ಊಟ ಬಡಿಸಲು ನಿಲ್ಲಿಸಿದ ಹಾಗೆ.

ಅವನು ಒಂದು ಫೈಲನ್ನು ಮರೆಯಿಟ್ಟುಕೊಂಡು ಅರ್ಧ ಗಂಟೆ ಗುರುತು ಹಾಕಿದ. ನನ್ನ ಓರೆಗಣ್ಣು ನೋಯತೊಡಗಿತು. ಕೊನೆಗೆ ಸಹಿ ಹಾಕಿ ವಿಳಾಸ ಬರೆದೆ. ಅವರಿಗೆ ಬೀದಿ, ಮನೆ ನಂಬರು, ಪಿನ್ ಕೋಡು ಬೇಕು. ಇಲ್ಲಿ ಪಿನ್ ಕೋಡೆಂಬುದು ಮಾಫಿ, ಇಲ್ಲವೇ ಇಲ್ಲ. ನಮ್ಮ ಕಾಗದಗಳೆಲ್ಲ ಬರುವುದು ಕಂಪನಿಯ ಪೋಸ್ಟ್ ಬಾಕ್ಸಿಗೆ. ಮನೆಯ ವಿಳಾಸ ಅಂದರೆ ನಾನು ಪಾರ್ಸೆಲಿನವರಿಗೆ ಹೇಳುವುದೇ. ಅದನ್ನೇ ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದೆ: ಅಲ್ ನಹ್ದಾ, ಪಾರ್ಕಿನ ಹಿಂದೆ, ಔಷಧದಂಗಡಿ ಇರುವ ಕಟ್ಟಡ, ಕೆಳಗೆ ಬಂದು ಫೋನ್ ಮಾಡಿ.

ವಾರ ಕಳೆದ ಮೇಲೆ ಅವನು ಮುಖ ಬಿಳಿಚಿಕೊಂಡು ಬಂದ. ಸಾಕ್ಷಿಯ ವಿಳಾಸ ಸರಿಯಿಲ್ಲ, ತಿದ್ದದಿದ್ದರೆ ಓಟು ಎಣಿಕೆಗೆ ಸೇರುವುದಿಲ್ಲ ಅಂತ ಅವರ ಚುನಾವಣಾ ಕಚೇರಿಯಿಂದ ಈಮೇಲ್. ಒಂದು ಓಟಿಗಾಗಿ ಇಷ್ಟು ದೂರ ಈಮೇಲ್! ನನ್ನ ಊರಿನವರು ನಾನು ಬದುಕಿದ್ದೇನಾ ಅಂತಲೂ ಕೇಳಿದವರಲ್ಲ. ಆ ಉರಿಯಲ್ಲೇ ಅವನ ಫೋನು ಕಸಿದು ಓದಿದೆ. ಕೆಳಗೆ ಅಲ್ಲಿನ ಗುಮಾಸ್ತೆ ವಿನಯದಿಂದ ಒಂದು ಸಾಲು ಸೇರಿಸಿದ್ದಳು.

"ಕೆಳಗೆ ಬಂದು ಫೋನ್ ಮಾಡಲು ಹೇಳಿದ್ದೀರಿ. ಯಾವ ನಂಬರಿಗೆ?"

೩. ಸರ್ಕಾರದ ಪ್ರಾಯ

ಪರದೇಶದವರ ಭಾಗ್ಯವನ್ನಾದರೂ ಸಹಿಸಬಹುದು. ಅತ್ತೆಯದನ್ನು?

ನನ್ನ ಅತ್ತೆ ಮಂಗಳೂರಿನ ಫ್ಲಾಟಿನಲ್ಲಿ ಮೈದುನನ ಸಂಸಾರದ ಜೊತೆ ಇದ್ದಾರೆ. ಎಂಬತ್ತೈದು ದಾಟಿದವರು ಬಯಸಿದರೆ ಚುನಾವಣೆಯವರೇ ಮನೆಗೆ ಬಂದು ಓಟು ಹಾಕಿಸಿಕೊಳ್ಳುವ ನಿಯಮ ಬಂತಲ್ಲ, ಅತ್ತೆ ಮೊದಲ ದಿನವೇ ಅರ್ಜಿ ಕೊಟ್ಟರು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೋದವನು, ರಟ್ಟಿನ ಮರೆ, ಪೆಟ್ಟಿಗೆ, ಎಲ್ಲ ಬಂತು. ನಾನು ಅಲ್ ನಹ್ದಾದ ಅಡುಗೆಮನೆಯಲ್ಲಿ ನಿಂತು, ಅವರು ಬಾಗಿಲು ದಾಟುವ ತನಕ ಮಾತ್ರ ಮೈದುನನ ವಿಡಿಯೋ ಕಾಲಿನಲ್ಲಿ ನೋಡಿದೆ. ಅತ್ತೆ ಉಟ್ಟದ್ದು ನಾನು ಕೊಟ್ಟ ರೇಷ್ಮೆ ಸೀರೆ.

ತೊಂದರೆ ಆದದ್ದು ಬಾಗಿಲಲ್ಲೇ. ಅಧಿಕಾರಿ ದೊಡ್ಡ ಸ್ವರದಲ್ಲಿ, ಎಂಬತ್ತಾರು ವರ್ಷದ ಅಜ್ಜಿ ಯಾರು ಅಂತ ಕೇಳಿದರು. ಗದ್ದಲಕ್ಕೆ ಎದುರು ಫ್ಲಾಟಿನ ಹೆಂಗಸು, ನಾವು ಬಾಯಿ ಅಂತ ಕರೆಯುವವರು, ಅವರೂ ಹೊರಗೆ ಬಂದಿದ್ದರು. ಅವರಿಗೆ ಅತ್ತೆ ಹೇಳಿದ್ದು ಎಪ್ಪತ್ತೆಂಟು. ಆ ಹೆಂಗಸಿನ ಹುಬ್ಬು ಮೇಲೆ ಹೋಯಿತು. ಅತ್ತೆ ಸ್ವಲ್ಪವೂ ಕದಲದೆ, ಎಂಬತ್ತಾರು ಸರ್ಕಾರದ ಲೆಕ್ಕ, ಅವರದ್ದೆಲ್ಲ ಯಾವಾಗಲೂ ಹೆಚ್ಚೇ ಅಂದುಬಿಟ್ಟರು.

ಓಟು ಹಾಕಿದ ಮೇಲೆ ಅತ್ತೆಯ ಫೋನು. ನಾನು ಪಟ್ಟಿಯಲ್ಲಿ ಹೆಸರು ಸೇರಿಸಿ, ಹೋಗಲೋ ಬೇಡವೋ ಅಂತ ತೂಗುತ್ತಿದ್ದದ್ದು ಅವರಿಗೆ ಗೊತ್ತಿತ್ತು.

"ನೀನು ಇಷ್ಟು ದೂರ ಎಂತಕ್ಕೆ ಬರುವುದು ಮಾರಾಯ್ತಿ? ಎಂಬತ್ತೈದು ಆಗುವವರೆಗೆ ಕಾಯಿ, ಅವರೇ ಬರ್ತಾರೆ."

೪. ಮೇಲಿನಿಂದ ಮೂರನೆಯದು

ಆ ಮಾತಿಗೆ ಅವತ್ತೇ ಟಿಕೆಟ್ ಮಾಡಿದೆ.

ಮತದಾನದ ಬೆಳಿಗ್ಗೆ ನಾನು ಸೀರೆಯ ನೆರಿಗೆ ಸರಿಮಾಡುತ್ತಿದ್ದರೆ, ಅತ್ತೆ ಕಿಟಕಿಯಲ್ಲಿ ನಿಂತು, ಶೃಂಗಾರ ಮಾಡಿಕೊಂಡು ಮತಗಟ್ಟೆಯಿದ್ದ ಶಾಲೆಯ ಕಡೆ ಹೋಗುವವರನ್ನು ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖ ಇಳಿಯಿತು. ಮನೆಯಲ್ಲಿ ಹಾಕಿದವರಿಗೆ ಮತಗಟ್ಟೆಯಲ್ಲಿ ಮತ್ತೊಂದಿಲ್ಲ. ಜೀವನದಲ್ಲಿ ಮೊದಲ ಸಲ ಅತ್ತೆಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಆ ಖುಷಿಯಲ್ಲಿ, ಸುಮ್ಮನೆ ನೋಡಲಿಕ್ಕೆ ಬನ್ನಿ ಅಂತ ನಾನೇ ಕರೆದೆ. ಮಾಡಿದ ತಪ್ಪು ಅದೊಂದೇ.

ಬಾಗಿಲ ಹತ್ತಿರ ಪೊಲೀಸಿನವರು ಅತ್ತೆಗೆ ಕುರ್ಚಿ ಕೊಟ್ಟರು. ಪಟ್ಟಿಯ ಕೊನೆಯಲ್ಲಿ ಹೊರದೇಶದವಳು ಅಂತ ಇದ್ದದ್ದು ನನ್ನ ಹೆಸರೊಂದೇ. ಅಧಿಕಾರಿ ನನ್ನ ಪಾಸ್‌ಪೋರ್ಟಿನ ಒಂದೊಂದು ಪುಟ ತಿರುವಿ, ಇಷ್ಟೆಲ್ಲ ದೇಶ ಸುತ್ತಿದವರಿಗೆ ಇಲ್ಲಿಗೆ ಬರಲು ಈಗ ಪುರುಸೊತ್ತಾಯಿತಾ ಅಂತ ಕೇಳಿದರು. ಬೆರಳಿಗೆ ಶಾಯಿ ಬಿತ್ತು. ಕಣ್ಣಲ್ಲಿ ನೀರೂ ಬಂತು. ಮರೆಯ ಹಿಂದೆ ಹೋಗಿ ಯಂತ್ರದ ಮುಂದೆ ನಿಂತೆ.

ನಿಂತೇ ಇದ್ದೆ. ಮೂವತ್ತು ವರ್ಷ ಓಟು ಹಾಕಬೇಕು ಅಂತ ಉರಿದಿದ್ದೆನೇ ಹೊರತು, ಯಾರಿಗೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅಭ್ಯರ್ಥಿಗಳಲ್ಲಿ ಒಬ್ಬರ ಗುರುತೂ ನನಗಿಲ್ಲ. ಕ್ಯೂನಲ್ಲಿದ್ದವರು ಗೊಣಗತೊಡಗಿದರು. ಅಧಿಕಾರಿ, ಮೇಡಂ, ಬೀಪ್ ಕೇಳಲಿಲ್ಲ ಅಂದರು. ಸೊಸೆಯ ಕಷ್ಟ ಬಾಗಿಲಲ್ಲಿದ್ದ ಅತ್ತೆಗೆ ತಡೆಯಲಾಗಲಿಲ್ಲ. ಇಡೀ ಶಾಲೆಗೆ ಕೇಳುವ ಹಾಗೆ ಅವರ ಸ್ವರ ಬಂತು.

"ಮೇಲಿನಿಂದ ಮೂರನೆಯದು ಮಾರಾಯ್ತಿ, ಮೂರನೆಯದು!"

ಗಲಾಟೆಯೋ ಗಲಾಟೆ. ಪಕ್ಷಗಳ ಏಜೆಂಟರು ಎದ್ದು ನಿಂತರು, ಪೊಲೀಸಿನವರು ಅತ್ತೆಯನ್ನು ಕುರ್ಚಿ ಸಮೇತ ಅಂಗಳಕ್ಕೆ ಸಾಗಿಸಿದರು. ನಾನು ಮರೆಯ ಹಿಂದೆ ಬೆವರುತ್ತಿದ್ದೆ. ಮೂರನೆಯದನ್ನು ಒತ್ತಿದರೆ ಅದು ಅತ್ತೆಯ ಓಟು, ಬೇರೆ ಒತ್ತಿದರೆ ನಂಬುವವರಿಲ್ಲ. ಕಣ್ಣು ಮುಚ್ಚದೆ, ಸ್ವಂತ ಬುದ್ಧಿಯಿಂದ ಒಂದನ್ನು ಒತ್ತಿ ಬಂದೆ. ಯಾವುದು ಅನ್ನುವುದು ಗುಟ್ಟು. ನನ್ನ ಜೀವನದ ಮೊದಲ ಓಟು, ನನ್ನೊಬ್ಬಳದೇ.

ಎರಡು ದಿನ ಕಳೆದು, ಶಾಯಿಯ ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಅಲ್ ನಹ್ದಾದ ಲಿಫ್ಟು ಹತ್ತಿದೆ. ಮೇಲಿನ ಮನೆಯ ಬ್ಯಾರಿ ಹೆಂಗಸು, ನಮ್ಮ ಊರಿನವರೇ, ಒಳಗಿದ್ದರು. ಬೆರಳು ನೋಡಿ ಅವರ ಮುಖ ಅರಳಿತು.

"ಅಕ್ಕ, ನಿಮ್ಮ ಅತ್ತೆಯ ವಾಯ್ಸ್ ಮೆಸೇಜು ನಮ್ಮ ಊರಿನ ವಾಟ್ಸಾಪ್ ಗ್ರೂಪಿನಲ್ಲೆಲ್ಲ ಬಂತು. ಈ ಪ್ರಾಯದಲ್ಲಿ ಎರಡು ಓಟು ಹಾಕಿದರಂತೆ, ಒಂದು ಮನೆಯಲ್ಲಿ, ಒಂದು ಶಾಲೆಯಲ್ಲಿ. ಶಾಲೆಯದ್ದಕ್ಕೆ ಗುಂಡಿ ಒತ್ತಲಿಕ್ಕೆ ದುಬೈಯಿಂದ ಸೊಸೆಯನ್ನು ಕರೆಸಿದ್ದಂತೆ, ಹೌದಾ?"