ಕಿಂಡಿಗೆ ತಕ್ಕ ಹೊಟ್ಟೆ

ಟೈಲರಮ್ಮ: ರೀ, ಆ ಬೆಣ್ಣೆ ಡಬ್ಬಿ ಕೆಳಗಿಡಿ ಅಂತ ಎಷ್ಟು ಸಲ ಹೇಳಬೇಕು?

ಮೆಕ್ಯಾನಿಕ್: ಇಡ್ತೀನಿ ಕಣೇ. ಮೊಟ್ಟೆ ಬೇಯಲಿ ತಾಳು.

ಟೈಲರಮ್ಮ: ಬೆಣ್ಣೆ ಕೆಳಗಿಡೋದಕ್ಕೂ ಮೊಟ್ಟೆ ಬೇಯೋದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಮೆಕ್ಯಾನಿಕ್: ಇದೆ. ಬ್ರೆಡ್ಡಿಗೆ ಎರಡು ಚಮಚ ಬೆಣ್ಣೆ ಬಿದ್ದಿದೆ. ಅಂದ್ರೆ ಈ ಕಡೆ ಕೊಬ್ಬು ಕೂತಾಯ್ತು. ಆ ಕಡೆ ಪ್ರೋಟೀನ್ ಕೂರಿಸಬೇಡ್ವಾ? ಎರಡು ಮೊಟ್ಟೆ ಇಳಿಸಿದ್ರೆ ಅದಕ್ಕೆ ಇದು ಸಮ. ಕ್ಯಾಲೊರಿ ಸೊನ್ನೆ.

ಟೈಲರಮ್ಮ: ಸೊನ್ನೆ?

ಮೆಕ್ಯಾನಿಕ್: ತಿಂದೇ ಇಲ್ಲ ಅನ್ನೋ ಲೆಕ್ಕ.

ಟೈಲರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಡುವೆ ಬಂದಾಗ ಕಣ್ಣು ಸ್ವಲ್ಪ ಸುತ್ತಿಕೊಂಡು ಹೋಗಬೇಕಾಯಿತು. ಅವಳ ಕೊರಳಲ್ಲಿ ಅಳತೆ ಟೇಪು, ಬೆರಳ ತುದಿಯಲ್ಲಿ ಸೀಮೆಸುಣ್ಣ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಬಾಯಲ್ಲಿ ಯಾರದ್ದೋ ಅರ್ಧ ಅಂಗಿ ಸಿಕ್ಕಿಕೊಂಡಿತ್ತು.

ಸಿಕ್ಕಿಕೊಳ್ಳುವ ವಿಷಯವೇ ಈ ಮನೆಯ ಈಗಿನ ಸಂಕಟ. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು ಜನ ಒಳಗೆ ಸಿಕ್ಕಿಬಿದ್ದರೆ, ಅದರ ತಲೆಯ ಮೇಲಿರುವ ಕಿಂಡಿಯಿಂದ ಇಳಿದು ಅವರನ್ನು ಹೊರತರುವುದು ಅವನ ಕೆಲಸ. ಹೋದ ತಿಂಗಳು ಹಾಗೆ ಇಳಿಯಲು ಹೋಗಿ ಹೊಟ್ಟೆಯ ಹತ್ತಿರ ತಾನೇ ಸಿಕ್ಕಿಬಿದ್ದ. ಒಳಗಿದ್ದವರಿಗೆ ಕಂಡದ್ದು ಎರಡು ಕಾಲು ಮಾತ್ರ. ಆ ಕಾಲುಗಳೇ ಅವರಿಗೆ ಧೈರ್ಯ ಹೇಳಿದವಂತೆ. ಸೂಪರ್‌ವೈಸರ್ ಬಂದು ಎಳೆದು ಹಾಕಿ, ತಿಂಗಳ ಗಡುವು ಕೊಟ್ಟರು: ಸಣ್ಣಗಾಗಿ ಕಿಂಡಿಯಲ್ಲಿ ಇಳಿದು ತೋರಿಸಬೇಕು, ಇಲ್ಲವಾದರೆ ಆಫೀಸಿನಲ್ಲಿ ಕೂತು ಫೋನ್ ಎತ್ತಬೇಕು. ಆ ಪರೀಕ್ಷೆ ನಾಳೆ ಬೆಳಿಗ್ಗೆ. ಕುರ್ಚಿಯಲ್ಲಿ ಕೂತ ಗಂಡನನ್ನು ನೆನೆದರೆ ಟೈಲರಮ್ಮನಿಗೆ ಕರುಳು ಚುರ್ರೆನ್ನುತ್ತಿತ್ತು. ಮೇಲೆ ಹತ್ತಿ ಗ್ರೀಸು ಬಳಿದುಕೊಂಡು ಬಂದ ದಿನವೇ ಅವನು ಚೆನ್ನಾಗಿ ನಗುತ್ತಿದ್ದುದು.

ಟೈಲರಮ್ಮ: ಈ ಸೊನ್ನೆ ಲೆಕ್ಕ ನನ್ನ ತಂಗಿ ಹೇಳಿಕೊಟ್ಟಿದ್ದಾ?

ಮೆಕ್ಯಾನಿಕ್: ಅವಳು ಹೇಳಿದ್ದು ಇಷ್ಟೇ, ಕ್ಯಾಲೊರಿ, ಪ್ರೋಟೀನ್, ಕೊಬ್ಬು ಮೂರನ್ನೂ ಸರಿತೂಗಿಸಿ ಅಂತ. ತೂಗಿಸೋದು ನನಗೆ ಹೊಸದಾ? ಲಿಫ್ಟಿನ ಹಿಂದೆ ಗೋಡೆ ಪಕ್ಕ ಕಬ್ಬಿಣದ ಗಟ್ಟಿ ತೂಗ್ತಿರುತ್ತಲ್ಲ, ಕೌಂಟರ್‌ವೇಟ್? ಈ ಕಡೆ ಜನ, ಆ ಕಡೆ ಕಬ್ಬಿಣ. ಎರಡೂ ಸಮ ಇದ್ರೆ ಮೋಟಾರಿಗೆ ಭಾರವೇ ಗೊತ್ತಾಗಲ್ಲ.

ಟೈಲರಮ್ಮ: ಅಂದ್ರೆ ತಿಂಗಳಿಂದ ಬೆಣ್ಣೆಗೆ ಮೊಟ್ಟೆ...

ಮೆಕ್ಯಾನಿಕ್: ಹುರಿದ ಕಡಲೆಬೀಜಕ್ಕೆ ಮೀನು. ಐಸ್‌ಕ್ರೀಮಿಗೆ ಎರಡು ಲೋಟ ಹಾಲು.

ಟೈಲರಮ್ಮ: ಅಯ್ಯೋ ನನ್ನ ಕರ್ಮವೇ!

ಮೆಕ್ಯಾನಿಕ್: ಯಾಕೆ ಹೊಟ್ಟೆ ಉರ್ಕೊಳ್ತೀಯಾ? ಫಲ ಕಣ್ಣೆದುರಿಗೇ ಇದೆ. ನೋಡು, ಪ್ಯಾಂಟ್ ಹೇಗೆ ಸಡಿಲ ಆಗಿದೆ! ಒಳಗೆ ಎರಡು ಬೆರಳು ಹೋಗುತ್ತೆ. ಸೂಪರ್‌ವೈಸರೇ ಬಾಯಿ ಬಿಟ್ಟು ಕೇಳಿದ್ರು, "ಹೇಗಯ್ಯ ಇಳಿಸಿದೆ, ನಾನು ಬರೀ ಸೌತೆಕಾಯಿ ತಿಂದ್ರೂ ಇಳೀತಿಲ್ಲ" ಅಂತ. ಕಂಪನಿ ನಿಯಮದ ಪ್ರಕಾರ ನಾಳೆ ಮೊದಲು ಅವರು ಕಿಂಡಿಯಲ್ಲಿ ಇಳಿದು ತೋರಿಸಬೇಕಂತೆ, ಆಮೇಲೆ ನಾನು. ಪಾಪ, ಹೆದರಿದಾರೆ.

ಪ್ಯಾಂಟಿನ ಗುಟ್ಟು ಟೈಲರಮ್ಮನೊಬ್ಬಳಿಗೇ ಗೊತ್ತು. ಗಡುವಿನ ಮೊದಲ ವಾರ ಗಂಡ ಗುಂಡಿ ಹಾಕಲಾಗದೆ ಮಂಚದ ಮೇಲೆ ಕೂತು, ನನ್ನ ಕೈಯಲ್ಲಿ ಆಗಲ್ಲ ಬಿಡೇ ಎಂದಿದ್ದ. ಆ ಮುಖ ನೋಡಲಾರದೆ ಅವಳು ಮರುದಿನ ಸದ್ದಿಲ್ಲದೆ ಹೊಲಿಗೆ ಬಿಚ್ಚಿ ಸೊಂಟ ಒಂದಿಷ್ಟು ಬಿಟ್ಟಳು. ಅವನು ಹಿಗ್ಗಿ ಹೀರೆಕಾಯಿಯಾದ, ಆ ಹಿಗ್ಗಿಗೆ ಇನ್ನಷ್ಟು ತಿಂದ, ಅವಳು ಇನ್ನಷ್ಟು ಬಿಟ್ಟಳು. ಈಗ ಹೊಲಿಗೆಯೊಳಗೆ ಬಿಡಲು ಬಟ್ಟೆಯೇ ಉಳಿದಿರಲಿಲ್ಲ.

ಅಷ್ಟರಲ್ಲಿ ಅವಳ ತಂಗಿ ಒಳಗೆ ಬಂದಳು. ಆಸ್ಪತ್ರೆಯಲ್ಲಿ ಯಾವ ರೋಗಿ ಏನು ತಿನ್ನಬೇಕೆಂದು ಹೇಳುವ ಕೆಲಸ ಅವಳದು. ಎಲ್ಲಿಗೆ ಹೋದರೂ ಮೊದಲು ತಟ್ಟೆ ನೋಡುತ್ತಾಳೆ, ಆಮೇಲೆ ಮುಖ.

ತಂಗಿ: ಭಾವ, ಎಷ್ಟು ಕೆಜಿ ಇಳಿದ್ರಿ?

ಮೆಕ್ಯಾನಿಕ್: ತೂಕದ ಯಂತ್ರ ಯಾಕಮ್ಮ? ಲಿಫ್ಟ್ ಇಲ್ವಾ? ಭಾರ ಹೆಚ್ಚಾದ್ರೆ ಗಂಟೆ ಹೊಡ್ಕೊಳ್ಳುತ್ತೆ. ಮೊನ್ನೆ ಹತ್ತಿದೆ, ಹೊಡ್ಕೊಳ್ಳಲೇ ಇಲ್ಲ.

ತಂಗಿ: ಒಳಗೆ ಎಷ್ಟು ಜನ ಇದ್ರಿ?

ಮೆಕ್ಯಾನಿಕ್: ನಾನೊಬ್ನೇ.

ತಂಗಿ ಅಕ್ಕನ ಕಡೆ ತಿರುಗಿದಳು. ಅಕ್ಕ ಬೆಣ್ಣೆ, ಮೊಟ್ಟೆ, ಕಬ್ಬಿಣದ ಗಟ್ಟಿಯ ಪುರಾಣವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಪ್ಯಾಂಟಿನ ಅಧ್ಯಾಯ ಮಾತ್ರ ನುಂಗಿಕೊಂಡಳು.

ತಂಗಿ: ಭಾವ, ಕೊಬ್ಬು, ಪ್ರೋಟೀನ್ ಎದುರುಬದುರು ತೂಗೋ ಗಟ್ಟಿಗಳಲ್ಲ. ಎರಡೂ ಒಂದೇ ಲಿಫ್ಟಿಗೆ ಹತ್ತೋ ಜನ. ಲಿಫ್ಟಿನೊಳಗೆ ಇಷ್ಟೇ ಕೆಜಿ ಅಂತ ಬರೆದಿರ್ತಾರಲ್ಲ, ಅದು ಕ್ಯಾಲೊರಿ. ಸಣ್ಣ ಆಗಬೇಕಾದ್ರೆ ಒಟ್ಟು ಭಾರ ಇಳಿಸಬೇಕು. ಅದರೊಳಗೆ ಪ್ರೋಟೀನಿಗೆ ಮೊದಲು ಜಾಗ ಕೊಡಿ, ಇಲ್ಲದಿದ್ರೆ ಹೊಟ್ಟೆ ಬದಲು ತೋಳು ಕರಗುತ್ತೆ. ಕೊಬ್ಬು ಸ್ವಲ್ಪ ಬೇಕು. ಸ್ವಲ್ಪ ಅಂದ್ರೆ ಡಬ್ಬಿ ಅಲ್ಲ.

ಮೆಕ್ಯಾನಿಕ್‌ನ ಕೈಯಲ್ಲಿದ್ದ ಚಮಚ ನಿಧಾನಕ್ಕೆ ಕೆಳಗಿಳಿಯಿತು. ಲಿಫ್ಟಿನ ಭಾಷೆಯಲ್ಲಿ ಹೇಳಿದ್ದು ಅವನಿಗೆ ನೇರವಾಗಿ ನಾಟಿತು.

ಮೆಕ್ಯಾನಿಕ್: ಮತ್ತೆ ಪ್ಯಾಂಟ್?

ಟೈಲರಮ್ಮ: ಪ್ಯಾಂಟ್ ಮಾತು ಬಿಡಿ. ಆ ಕಿಂಡಿ ಅಳತೆ ಹೇಳಿ, ರಟ್ಟಿನಲ್ಲಿ ಕತ್ತರಿಸ್ತೀನಿ. ಅದರೊಳಗೆ ಹೋದ್ರೆ ಸರಿ.

ಕಿಂಡಿಯ ಅಳತೆ ಅವನಿಗೆ ನಿದ್ದೆಗಣ್ಣಿನಲ್ಲೂ ಗೊತ್ತು. ಟೈಲರಮ್ಮ ದೊಡ್ಡ ರಟ್ಟನ್ನು ನೆಲಕ್ಕೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೈಗೆ ಒಗ್ಗಿದ ವೇಗದಲ್ಲಿ ಕತ್ತರಿ ಆಡಿಸಿದಳು. ನಡುವಿನ ತುಂಡನ್ನು ಪಕ್ಕಕ್ಕೆ ಎಸೆದು, ಅಕ್ಕತಂಗಿಯರು ರಟ್ಟಿನ ಎರಡು ತುದಿ ಎತ್ತಿ ಹಿಡಿದರು.

ಮೆಕ್ಯಾನಿಕ್ ಕೈ ಮೇಲೆತ್ತಿ ತಲೆ ತೂರಿಸಿದ. ಹೆಗಲು ಹೋಯಿತು. ಹೊಟ್ಟೆಯ ಹತ್ತಿರ ಬಂದಾಗ ಟೈಲರಮ್ಮ ತಾನೇ ಉಸಿರು ಬಿಗಿಹಿಡಿದಳು. ರಟ್ಟು ಒಮ್ಮೆ ಕಿರ್ ಎಂದಿತು, ಮರುಕ್ಷಣ ಅವನು ಆಚೆ ಕಡೆ ನಿಂತಿದ್ದ.

ಮೆಕ್ಯಾನಿಕ್: ನೋಡಿದ್ರಾ? ನೋಡಿದ್ರಾ! ಯಾರು ಹೇಳಿದ್ದು ಸೊನ್ನೆ ಲೆಕ್ಕ ತಪ್ಪು ಅಂತ? ತಾ ಆ ಬೆಣ್ಣೆ!

ಟೈಲರಮ್ಮನಿಗೆ ಖುಷಿಗೆ ಕಣ್ಣು ತುಂಬಿತು. ಅವಳು ಡಬ್ಬಿ ಎತ್ತಿಕೊಡುವುದರಲ್ಲಿದ್ದಳು. ತಂಗಿ ಮಾತ್ರ ಬಗ್ಗಿ ಪಕ್ಕಕ್ಕೆ ಬಿದ್ದಿದ್ದ ತುಂಡನ್ನು ಕೈಗೆತ್ತಿಕೊಂಡಳು.

ತಂಗಿ: ಅಕ್ಕ, ನೀನು ಎಳೆದ ಗೆರೆ ಇದರ ಮೇಲೆ ಯಾಕಿದೆ?

ಟೈಲರಮ್ಮ: ಇನ್ನೆಲ್ಲಿರುತ್ತೆ?

ತಂಗಿ: ಗೆರೆ ಮೇಲೇ ಕತ್ತರಿಸಿದ್ರೆ ಅಂಚಿನಲ್ಲಿರಬೇಕಿತ್ತು. ಇದು ಸುತ್ತಲೂ ಎರಡು ಬೆರಳು ಒಳಗಿದೆ.

ಟೈಲರಮ್ಮ: ಹೊಲಿಗೆಗೆ ಬಿಡಬೇಡ್ವಾ ಮತ್ತೆ?

ರಟ್ಟಿಗೆ ಯಾವ ಹೊಲಿಗೆ ಎಂದು ಟೈಲರಮ್ಮನಿಗೂ ಆಗಲೇ ಹೊಳೆದದ್ದು. ಇಷ್ಟು ವರ್ಷ ಬಿಟ್ಟು ಬಿಟ್ಟು, ಕತ್ತರಿಗೆ ಗೆರೆಯ ಮೇಲೆ ನಡೆಯುವುದೇ ಮರೆತುಹೋಗಿತ್ತು.

ಮೆಕ್ಯಾನಿಕ್: ಅಂದ್ರೆ ಕಿಂಡಿ ಸಡಿಲ. ಹೋಗಲಿ, ಪ್ಯಾಂಟಾದ್ರೂ...

ಟೈಲರಮ್ಮ: ಅದನ್ನೂ ನಾನೇ ಬಿಟ್ಟಿದ್ದು.

ಮೆಕ್ಯಾನಿಕ್: ಎಷ್ಟು?

ಟೈಲರಮ್ಮ: ಇದ್ದಷ್ಟೂ. ಬೈಯೋದಿದ್ರೆ ಬೈದುಬಿಡಿ. ನೀವು ಮುಖ ಸಣ್ಣದು ಮಾಡ್ಕೊಂಡು ಕೂತಿದ್ರಿ, ನನಗೆ ತಡೆಯಲಿಲ್ಲ.

ಮೆಕ್ಯಾನಿಕ್: ಇಡೀ ಮೈಯಲ್ಲಿ ಸಣ್ಣ ಆಗಿದ್ದು ಅದೊಂದೇ ಅನ್ನು!

ಟೈಲರಮ್ಮ ಅತ್ತುಕೊಂಡೇ ನಕ್ಕಳು. ಅವನೂ ನಗಲು ಹೋಗಿ, ಅರ್ಧದಲ್ಲೇ ಬಿಟ್ಟು, ಮೊಬೈಲು ಕೈಗೆತ್ತಿಕೊಂಡ.

ಮೆಕ್ಯಾನಿಕ್: ನಾಳೆ ಆಗಲ್ಲ ಅಂತ ಹೇಳಿಬಿಡ್ತೀನಿ. ಒಳಗೆ ಸಿಕ್ಕೊಂಡೋರು ಮೇಲೆ ನೋಡ್ತಾ ಕಾಯ್ತಿರ್ತಾರೆ ಕಣೇ. ಅವರ ಮುಂದೆ ಇನ್ನೊಂದು ಸಲ ಬರೀ ಕಾಲು ಇಳಿಸೋಕೆ ನನ್ನಿಂದಾಗಲ್ಲ. ಫೋನೇ ಎತ್ತುತ್ತೀನಿ.

ಅವನು ಒತ್ತುವ ಮೊದಲೇ ಮೊಬೈಲು ತಾನೇ ಹೊಡೆದುಕೊಂಡಿತು. ಸೂಪರ್‌ವೈಸರ್! ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

ಸೂಪರ್‌ವೈಸರ್: ಏನಯ್ಯ, ಎಲ್ಲಿದೀಯ?

ಮೆಕ್ಯಾನಿಕ್: ಮನೇಲಿ ಸರ್. ನೀವು?

ಸೂಪರ್‌ವೈಸರ್: ಕಿಂಡೀಲಿ.

ಮೆಕ್ಯಾನಿಕ್: ಕಿಂಡಿ ಹತ್ರನಾ ಸರ್?

ಸೂಪರ್‌ವೈಸರ್: ಹತ್ರ ಅಲ್ಲಯ್ಯ, ಕಿಂಡೀಲಿ! ನಾಳೆ ನಿನ್ನ ಮುಂದೆ ಮರ್ಯಾದೆ ಹೋಗೋದು ಬೇಡ ಅಂತ ಒಂದು ಸಲ ಇಳಿದು ನೋಡಿದೆ. ಪುಣ್ಯಕ್ಕೆ ಕೈ, ತಲೆ ಹೊರಗಿದೆ. ನೀನು ಸಣ್ಣ ಆಗಿದೀಯಲ್ಲ, ಬೇಗ ಬಂದು ಎಳಿ. ಯಾರಿಗೂ ಹೇಳ್ಬೇಡ. ಪರೀಕ್ಷೆ ಮುಂದಿನ ತಿಂಗಳು ಇಟ್ಕೊಳ್ಳೋಣ.

ಮೆಕ್ಯಾನಿಕ್: ಬಂದೆ ಸರ್! ಅಲ್ಲಾಡಬೇಡಿ! ಸಣ್ಣ ಆಗಿರೋ ವಿಷಯ ಮಾತ್ರ ಅಲ್ಲಿಗೆ ಬಂದು ಹೇಳ್ತೀನಿ.

ಅವನು ಉಪಕರಣದ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಿಗೆ ಓಡಿದ. ತಿಂಗಳಿಂದ ಕಾಣದಿದ್ದ ನಗು ಮುಖದ ತುಂಬ ಇತ್ತು. ಟೈಲರಮ್ಮ ಹಿಂದೆಯೇ ಓಡಿಹೋಗಿ ಬೆಣ್ಣೆ ಡಬ್ಬಿಯನ್ನು ಅವನ ಕೈಗೆ ತುರುಕಿದಳು.

ಮೆಕ್ಯಾನಿಕ್: ಇದ್ಯಾಕೆ? ಈಗ ತಾನೇ ಕೆಳಗಿಡಿ ಅಂತ ಬೊಬ್ಬೆ ಹೊಡೀತಿದ್ದೆ!

ಟೈಲರಮ್ಮ: ಒಳಗೆ ಹೋದ್ರೆ ತಾನೇ ಕ್ಯಾಲೊರಿ? ಇದನ್ನ ಅವರ ಹೊಟ್ಟೆ ಸುತ್ತ ಹೊರಗಿಂದ ಸವರಿ ಎಳೀರಿ. ಮತ್ತೆ ರೀ, ಡಬ್ಬಿ ಖಾಲಿಯಾಗೇ ವಾಪಸ್ ಬರಬೇಕು. ನಿಮ್ಮ ಬಾಯಿ ಒರೆಸಿ ನೋಡ್ತೀನಿ!