ದೋಣಿಯ ತೇಪೆಗೆ ಅತ್ಯುತ್ತಮವಾದದ್ದು

ಕೋಪ ಬಂದರೆ ಕೆಲವರು ಪಾತ್ರೆ ಎಸೆಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಡೈರಿ ತೆಗೆಯುತ್ತೇನೆ. ಯಾರ ಮೇಲೆ, ಎಷ್ಟು ಹೊತ್ತಿಗೆ, ಯಾವ ಕಾರಣಕ್ಕೆ ಎಂದು ಬರೆದು ಕೆಳಗೆ ಗೆರೆ ಎಳೆದರೆ ಮಾತ್ರ ನನಗೆ ಸಮಾಧಾನ. "ಜಗಳ ಆಡಿ ಮುಗಿಸೋದು ಬಿಟ್ಟು ಉಪ್ಪಿನಕಾಯಿ ಹಾಕಿ ಇಡ್ತೀಯಲ್ಲೋ" ಎಂದು ಅಮ್ಮ ದಾವಣಗೆರೆಯಿಂದ ಫೋನಿನಲ್ಲೇ ಬೈಯುತ್ತಾಳೆ. ಇತ್ತೀಚೆಗೆ ಒಂದು ದೋಣಿಯ ದೆಸೆಯಿಂದ ಹದಿನಾಲ್ಕು ಪುಟ ತುಂಬಿದವು.

ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಕೆರೆ. ಅದರ ಮೇಲೆ ಹಬ್ಬಿದ ಅಂತರಗಂಗೆ ಕಳೆ ಕೀಳಲು ನಿವಾಸಿಗಳೆಲ್ಲ ಸೇರಿ ಊರಿನ ಮುನಿರಾಜಣ್ಣನನ್ನು ಗೊತ್ತು ಮಾಡಿ, ಹಳೆಯ ಫೈಬರ್ ದೋಣಿಯೊಂದನ್ನು ಕೊಟ್ಟಿದ್ದೆವು. ಅದು ಬಂಡೆಗೆ ಬಡಿದು ತಳ ಬಿರುಕು ಬಿಟ್ಟಿತು. ಮರುದಿನದಿಂದ ಆತ ಸೊಂಟಕ್ಕೆ ಟ್ರ್ಯಾಕ್ಟರ್ ಟ್ಯೂಬ್ ಸಿಕ್ಕಿಸಿಕೊಂಡು ನೀರಿಗೇ ಇಳಿದ. ಮೊದಲ ದಿನ ಎದೆಮಟ್ಟ. ಮೂರನೆಯ ದಿನ ಕತ್ತಿನಮಟ್ಟ, ಜೊತೆಗೆ ಯಾರೋ ಎಸೆದ ಬಾಟಲಿಯ ಚೂರಿನಿಂದ ಕಾಲಿಗೆ ಗಾಯ. ಆತನಿಗೆ ಈಜು ಅಷ್ಟಕ್ಕಷ್ಟೇ.

ಇತ್ತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ತೇಪೆಗೆ ಯಾವ ಸಾಮಗ್ರಿ ಒಳ್ಳೆಯದೆಂಬ ಚರ್ಚೆ. ಹಡಗು ಕಂಡಿರದವರೆಲ್ಲ ಹಡಗು ಕಟ್ಟುವವರಂತೆ ಮಾತಾಡಿದರು. ಕೊನೆಗೆ ಯಾರೋ "ಒಂದು ಪೋಲ್ ಹಾಕೋಣ, ಜಾಸ್ತಿ ವೋಟ್ ಬಿದ್ದದ್ದನ್ನ ತರೋಣ" ಎಂದರು. ಒಬ್ಬ ಮನುಷ್ಯ ಕತ್ತಿನವರೆಗೆ ನೀರಿನಲ್ಲಿ ನಿಂತಿದ್ದಾನೆ, ಇವರು ಪೋಲ್ ಹಾಕುತ್ತಾರಂತೆ! ನನಗೆ ಮೈಯೆಲ್ಲ ಉರಿದುಹೋಯಿತು. "ಇನ್ನು ಯಾರೂ ಬಾಯಿ ಹಾಕಬೇಡಿ, ನಾನೇ ಮಾಡಿಸುತ್ತೇನೆ" ಎಂದು ಬರೆದೆ. ತಕ್ಷಣ ಇಪ್ಪತ್ತಮೂರು ಹೆಬ್ಬೆರಳುಗಳು ಎದ್ದು ನಿಂತವು.

ನಾನು ಪೋಲ್ ಹಾಕಲಿಲ್ಲ, ಪಟ್ಟಿ ಮಾಡಿದೆ. ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು: ಗಾಜಿನ ಎಳೆಗಳನ್ನು ಚಾಪೆಯಂತೆ ಅಂಟಿಸಿದ ಮ್ಯಾಟ್, ಅದನ್ನು ನೆನೆಸಿ ಗಟ್ಟಿ ಮಾಡುವ ರೆಸಿನ್ ಎಂಬ ಅಂಟು. ಶಕ್ತಿ, ಬಾಳಿಕೆ, ವಾಸನೆ ಎಂದು ಒಂಬತ್ತು ಕಾಲಂ ಎಳೆದು ಅಂಕ ಕೊಟ್ಟೆ. ಆರು ದಿನ ಹಿಡಿಯಿತು. ಮ್ಯಾಟ್‌ಗಳಲ್ಲಿ ಒಂದು, ರೆಸಿನ್‌ಗಳಲ್ಲಿ ಎಪಾಕ್ಸಿ ಪ್ರಥಮ ದರ್ಜೆಯಲ್ಲಿ ಪಾಸಾದವು. ಇವು ಸಿಗುವ ಅಂಗಡಿ ಹುಡುಕಿ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೋದೆ.

ಅಂಗಡಿಯವರು ಚೀಟಿ ನೋಡಿ, "ಈ ಮ್ಯಾಟ್‌ಗೆ ಎಪಾಕ್ಸಿ ಬೇಡ ಸಾರ್. ಮಾಮೂಲಿ ಪಾಲಿಸ್ಟರ್ ರೆಸಿನ್ ತಗೊಂಡೋಗಿ" ಎಂದರು.

ಮಾಮೂಲಿ! ಊರಿನ ಈ ತುದಿಯಿಂದ ಆ ತುದಿಗೆ ಬಂದದ್ದು ಮಾಮೂಲಿಗೆ? ಮನುಷ್ಯನ ಜೀವದ ಪ್ರಶ್ನೆಯೆಂದು ಅಂಗಡಿಯಲ್ಲೇ ಭಾಷಣ ಮಾಡಿದೆ. ಅವರು ನಿಟ್ಟುಸಿರು ಬಿಟ್ಟು ಕೇಳಿದ್ದನ್ನೇ ಕಟ್ಟಿಕೊಟ್ಟರು. ಡೈರಿಯಲ್ಲಿ ಅವರ ಹೆಸರಿನ ಕೆಳಗೆ ಎರಡು ಗೆರೆ ಬಿತ್ತು.

ಶನಿವಾರ ಬೆಳಿಗ್ಗೆ ಬಿರುಕನ್ನು ಉಜ್ಜಿ, ಮ್ಯಾಟ್ ಇಟ್ಟು, ಎಪಾಕ್ಸಿ ಸುರಿದೆ. ನೆನೆದು ಮೆತ್ತಗಾಗಿ ದೋಣಿಯ ತಿರುವಿಗೆ ಒಗ್ಗಬೇಕಾದ ಮ್ಯಾಟ್ ಒಣ ಹಪ್ಪಳದಂತೆ ಸೆಟೆದು ನಿಂತಿತು. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತದೆ. ಒತ್ತಿದೆ, ಬೈದೆ, ಮೇಲೆ ಇಟ್ಟಿಗೆ ಹೇರಿದೆ. ಮರುದಿನ ನೋಡಿದರೆ ತುಂಬ ಗಾಳಿಗುಳ್ಳೆ. ತೇಪೆ ಕೈಯಲ್ಲೇ ಕಿತ್ತು ಬಂತು.

ಅದನ್ನೇ ಹಿಡಿದುಕೊಂಡು ಸೋಮವಾರ ರಜೆ ಹಾಕಿ ಜಗಳಕ್ಕೆ ಹೋದೆ. ಅಂಗಡಿಯವರು ತಿರುಗಿಸಿ ನೋಡಿದರು. "ಈ ಮ್ಯಾಟ್‌ನಲ್ಲಿ ಎಳೆ ಹಿಡ್ಕೊಂಡಿರೋ ಅಂಟಿದೆಯಲ್ಲ, ಅದು ಪಾಲಿಸ್ಟರ್‌ಗೆ ಮಾತ್ರ ಕರಗೋದು ಸಾರ್. ಹಾಲೂ ಒಳ್ಳೇದೇ, ಹುಣಸೇಹಣ್ಣೂ ಒಳ್ಳೇದೇ. ಎರಡಕ್ಕೂ ನೂರಕ್ಕೆ ನೂರು ಕೊಟ್ಟು ಒಂದೇ ಪಾತ್ರೆಗೆ ಸುರೀತೀರಾ?"

ಒಂಬತ್ತು ಕಾಲಂಗಳಲ್ಲಿ 'ಇದಕ್ಕೂ ಅದಕ್ಕೂ ಹೊಂದುತ್ತದೆಯೇ' ಎಂಬ ಕಾಲಂ ಇರಲಿಲ್ಲ. ಮೆಟ್ರೋದಲ್ಲಿ ಕುಳಿತು ಲೆಕ್ಕ ಹಾಕಿದೆ. ಮುನಿರಾಜಣ್ಣ ನೀರಿನಲ್ಲಿ ನಿಂತದ್ದು ಅಂದಿಗೆ ಒಟ್ಟು ಹದಿಮೂರು ದಿನ. ಗುಂಪಿನವರ ಹರಟೆಯಿಂದ ನಾಲ್ಕು. ಉಳಿದ ಒಂಬತ್ತು ನನ್ನವು. ಬೈಯಲು ಪೆನ್ನು ತೆಗೆದರೆ ಯಾರ ಹೆಸರು ಬರೆಯುವುದು?

ಆ ವಾರ ಸಂಜೆಗಳಲ್ಲಿ ಹಳೆಯ ಎಪಾಕ್ಸಿಯನ್ನು ಚೂರೂ ಉಳಿಯದಂತೆ ಉಜ್ಜಿ ತೆಗೆದು, ಮಾಮೂಲಿ ರೆಸಿನ್‌ನಲ್ಲಿ ಮತ್ತೆ ಮ್ಯಾಟ್ ಕೂರಿಸಿದೆ. ಒದ್ದೆ ಬಟ್ಟೆಯಂತೆ ತೆಪ್ಪಗೆ ಕೂತಿತು. ಭಾನುವಾರ ಬೆಳಿಗ್ಗೆ ದೋಣಿ ನೀರಿಗಿಳಿಯಿತು. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ ಮುನಿರಾಜಣ್ಣ ಹತ್ತಿ ಕೂತು, ತಳ ತಟ್ಟಿ ನೋಡಿ, ನನ್ನತ್ತ ಕೈ ಚಾಚಿದ.

"ಬನ್ನಿ ಸಾರ್, ನೀವೂ ಕೂತ್ಕಳಿ. ರಿಪೇರಿ ಮಾಡ್ದೋರೇ ಜೊತೇಲಿದ್ರೆ ನಂಗೂ ದೈರ್ಯ. ಇಂಗೋಗಿ ಅಂಗ್ ಬಂದ್ಬುಡನ."

ಆತನ ಜೀವಕ್ಕಾಗಿ ಇಡೀ ಅಪಾರ್ಟ್‌ಮೆಂಟನ್ನೂ ಪೀಣ್ಯವನ್ನೂ ಎದುರು ಹಾಕಿಕೊಂಡ ನಾನು ಗಡಿಯಾರ ನೋಡಿಕೊಂಡೆ.

"ಆಫೀಸ್ ಮೀಟಿಂಗ್ ಇದೆ ಮುನಿರಾಜಣ್ಣ" ಎಂದೆ.

"ಬಾನ್ವಾರಾನಾ?" ಎಂದು ನಕ್ಕು, ಆತ ಟ್ರ್ಯಾಕ್ಟರ್ ಟ್ಯೂಬನ್ನು ಎಳೆದು ದೋಣಿಯೊಳಗೆ ಹಾಕಿಕೊಂಡ.