ಅರ್ಧ ಮುಖದ ಪರೀಕ್ಷೆ

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ನಾನು ಬಚ್ಚಲುಮನೆಯ ಕನ್ನಡಿಯ ಎದುರು ನಿಂತು, ಹಣೆಯ ನಡುವಿನಿಂದ ಮೂಗಿನ ಮೇಲೆ ಹಾಯ್ದು ಗಲ್ಲದವರೆಗೆ ಗಂಧದಿಂದ ಒಂದು ನೇರ ಗೆರೆ ಎಳೆದುಕೊಳ್ಳುತ್ತಿದ್ದೆ. ಟವೆಲ್ ಕೊಡಲು ಬಂದ ಹೆಂಡತಿ ಶ್ರೀವಾಣಿ ಬಾಗಿಲಲ್ಲೇ ನಿಂತಳು.

"ಎಂತದ್ರಾ ಇದು? ನಾಮ ಹಾಕ್ಯಂಡು ಯಾವ ಮಠಕ್ಕೆ ಹೊಂಟ್ರಿ?"

"ಇದು ನಾಮ ಅಲ್ಲ ಮಾರಾಯ್ತಿ, ಗಡಿ! ಬಲಗಡೆ ನೀನು ತಂದ ಕ್ಲೆನ್ಸರ್, ಎಡಗಡೆ ಕಡ್ಲೆಹಿಟ್ಟು. ಶುಕ್ರವಾರ ತೀರ್ಪು."

"ಉರಿಯೋದು ಯನ್ನ ಮುಖ. ಪರೀಕ್ಷೆ ನಿಂಗಳ ಮುಖಕ್ಕಾ?"

ಪ್ರಶ್ನೆಯಲ್ಲಿ ತಿರುಳಿತ್ತು. ಶ್ರೀವಾಣಿಯ ಚರ್ಮ ಬಲು ಸೂಕ್ಷ್ಮ. ಹೊಸ ಸೋಪು ಎದುರಿಗೆ ಬಂದರೂ ಸಾಕು, ಕೆನ್ನೆ ಕೆಂಪಾಗುತ್ತದೆ. ಹಿಂದಿನ ವರ್ಷ ಸಿದ್ದಾಪುರದ ಉಪನಯನವೊಂದಕ್ಕೆ ಹೊರಟ ದಿನ ಯಾರೋ ಕೊಟ್ಟ ಕ್ರೀಮು ಹಚ್ಚಿ, ಮುಖ ಊದಿ, ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಬಂದಿದ್ದಳು. ಈ ಸಲ ಹಾಗೆ ತಿರುಗಿ ಬರುವಂತಿರಲಿಲ್ಲ. ಬರುವ ಭಾನುವಾರ ಯಲ್ಲಾಪುರದಲ್ಲಿ ಅವಳ ತಮ್ಮ ಸುಮಂತನ ಮದುವೆ, ಇವಳೇ ಕಳಶಗಿತ್ತಿ. ಮದುಮಗನ ಬೆನ್ನಿಗೆ ಕಳಶ ಹಿಡಿದು ನಿಲ್ಲುವವಳು ಎಲ್ಲ ಫೋಟೋದಲ್ಲೂ ಇರುತ್ತಾಳೆ. ಮುಖ ಬೆಳಗದಿದ್ದರೂ ಚಿಂತೆಯಿಲ್ಲ, ಉರಿಯದಿದ್ದರೆ ಸಾಕು ಎಂಬುದಷ್ಟೇ ಅವಳ ಆಸೆ. ಅದಕ್ಕೆಂದೇ ಗಣಪನ ಫ್ಯಾನ್ಸಿ ಸ್ಟೋರಿನಿಂದ ಅಂಗೈಯಗಲದ ಒಂದು ಬಾಟಲಿ ತಂದಿದ್ದಳು. ನೀರಿನಂತೆ ತಿಳಿ, ನೊರೆ ಬಾರದು. 'ಸೂಕ್ಷ್ಮ ತ್ವಚೆಗೆ ಅತಿ ಸೌಮ್ಯ' ಎಂದು ಚೀಟಿಯ ಮೇಲೆ ಅಚ್ಚಾಗಿತ್ತು.

ಅಚ್ಚಾದದ್ದನ್ನೆಲ್ಲ ನಂಬುವವನು ನಾನಲ್ಲ. ಅಚ್ಚು ಮಾಡಿಸುವವನೇ ನಾನು! ಪತ್ರಿಕೆಯೊಂದಕ್ಕೆ ಶಿರಸಿಯಿಂದ ವಿಶೇಷ ವರದಿಗಳನ್ನು ಬರೆಯುತ್ತೇನೆ. ಮಾಗೋಡಿನ ಜಲಪಾತದ ಎತ್ತರವನ್ನೂ ಇಬ್ಬರನ್ನು ಕೇಳದೆ ಬರೆದವನಲ್ಲ. ಅಂಥವನ ಹೆಂಡತಿ ಚೀಟಿ ನಂಬಿ ಮುಖ ತೊಳೆಯುವುದೇ? ಕ್ಷೌರ ಮಾಡಿಕೊಂಡ ದಿನ ನನ್ನ ಕೆನ್ನೆಯೂ ತುರಿಸುತ್ತದೆ. ಆದ್ದರಿಂದ ನಾನೇ ಯೋಗ್ಯ ಅಭ್ಯರ್ಥಿ. ವಿಜ್ಞಾನದ ಯಜ್ಞಕ್ಕೆ ಮೊದಲ ಆಹುತಿ ನನ್ನ ಬಲಗೆನ್ನೆಯೇ ಆಗಲಿ ಎಂದು ಘೋಷಿಸಿ, ತೀರ್ಪು ಬರುವ ತನಕ ಬಾಟಲಿ ಮುಟ್ಟಕೂಡದು ಎಂದು ಅವಳಿಗೆ ಆಜ್ಞೆ ಮಾಡಿದೆ.

"ಆತು," ಎಂದಳು. ಅಷ್ಟು ಸುಲಭಕ್ಕೆ ಅವಳು ಒಪ್ಪಿಕೊಂಡಾಗಲೇ ವರದಿಗಾರನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮೊದಲ ದಿನಗಳು ಶಾಂತವಾಗಿ ಕಳೆದವು. ಬಲಗೆನ್ನೆ ತಣ್ಣಗಿತ್ತು. ಎಡಗೆನ್ನೆಯಲ್ಲಿ ಕಡ್ಲೆಹಿಟ್ಟು ಮೀಸೆಗೆ ಸಿಕ್ಕಿಕೊಂಡು ಬೋಂಡಾದ ವಾಸನೆ ಬರುತ್ತಿತ್ತು. ಒಂದೇ ಒಂದು ಸಂಗತಿ ವಿಚಿತ್ರವಾಗಿತ್ತು. ನಾನು ಬಳಸುತ್ತಿದ್ದದ್ದು ಅರ್ಧ ಮುಖಕ್ಕೆ ಬೇಕಾದಷ್ಟು. ಬಾಟಲಿ ಇಳಿಯುತ್ತಿದ್ದದ್ದು ಒಂದೂವರೆ ಮುಖದ ವೇಗದಲ್ಲಿ. ಬೇಸಿಗೆಯಲ್ಲವೇ, ಆವಿಯಾಗುತ್ತಿದೆ ಎಂದು ತೀರ್ಮಾನಿಸಿದೆ. ವಿಜ್ಞಾನದಲ್ಲಿ ಪ್ರತಿಯೊಂದಕ್ಕೂ ಕಾರಣವಿರುತ್ತದೆ!

ಇದೇ ವಾರ ನನ್ನ ತಾಯಿ, ನಮ್ಮ ಆಯಿ, ಉಪ್ಪಿನಕಾಯಿಯ ಸಂಭ್ರಮದಲ್ಲಿದ್ದಳು. ಭೈರುಂಬೆಯ ಕಡೆಯಿಂದ ಬುಟ್ಟಿಗಟ್ಟಲೆ ಅಪ್ಪೆಮಿಡಿ ಬಂದಿತ್ತು. ಮನೆಯೆಲ್ಲ ಎಳೆ ಮಾವಿನ ಘಮ. ಕಾಫಿ ಕುಡಿದರೂ ಅಪ್ಪೆ, ಪೇಪರು ಬಿಡಿಸಿದರೂ ಅಪ್ಪೆ. ಬುಧವಾರದ ಹೊತ್ತಿಗೆ ನನ್ನ ಮೂಗು ಕೆಲಸಕ್ಕೆ ರಾಜೀನಾಮೆ ಕೊಟ್ಟಿತ್ತು.

ಶುಕ್ರವಾರ ಬೆಳಿಗ್ಗೆ ಕೊನೆಯ ಪ್ರಯೋಗಕ್ಕೆ ನಿಂತರೆ ಬಾಟಲಿ ಅದರ ಜಾಗದಲ್ಲಿಲ್ಲ. ಹುಡುಕಿದಾಗ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಭರಣಿಯ ಪಕ್ಕ ಸಿಕ್ಕಿತು. ನಿನ್ನೆ ತಳ ಕಂಡಿದ್ದ ಬಾಟಲಿ ಇವತ್ತು ಕುತ್ತಿಗೆಯವರೆಗೆ ತುಂಬಿದಂತೆ ಕಂಡಿತು. ನಿನ್ನೆ ಕನ್ನಡಕ ಹಾಕಿರಲಿಲ್ಲವಲ್ಲ ಎಂದುಕೊಂಡೆ. ಅಂತಿಮ ದಿನದ ಪ್ರಯೋಗ ಉದಾರವಾಗಿರಬೇಕು. ಅಂಗೈ ತುಂಬ ಸುರಿದುಕೊಂಡೆ, ಚೆಲ್ಲಿದ್ದನ್ನು ಮತ್ತೆ ಸುರಿದುಕೊಂಡೆ. ಚೀಟಿಯಲ್ಲಿ ಬರೆದಂತೆ ವೃತ್ತಾಕಾರವಾಗಿ, ಮೆಲ್ಲಗೆ, ಬಲಗೆನ್ನೆಗೆ ತಿಕ್ಕಿದೆ.

ಮೊದಲು ತಂಪು. ಆಮೇಲೆ ಬೆಚ್ಚಗೆ. ರಂಧ್ರಗಳು ತೆರೆಯುತ್ತಿವೆ ಎಂದು ಸಂತೋಷಪಟ್ಟೆ. ಆಮೇಲೆ ಬಿಸಿ. ಆಮೇಲೆ, ಓದುಗರೇ, ಬಲಗೆನ್ನೆಯ ಮೇಲೆ ಯಾರೋ ಒಲೆ ಹೂಡಿ ದೋಸೆ ಹುಯ್ಯತೊಡಗಿದರು! ನೀರು ಎರಚಿದೆ, ಉರಿ ಹೆಚ್ಚಾಯಿತು. ಟವೆಲ್ಲಿನಿಂದ ಒರೆಸಿದೆ, ಕಿವಿಗೂ ಹಬ್ಬಿತು. ಕನ್ನಡಿಯಲ್ಲಿ ನೋಡಿದರೆ ಗಡಿಯ ಆಚೆ ಬೋಂಡಾ ವಾಸನೆಯ ಶಾಂತಿ, ಈಚೆ ಯುದ್ಧಭೂಮಿ.

ಆದರೂ ಮನಸ್ಸಿನಲ್ಲಿ ವಿಜಯೋತ್ಸವ. ನನ್ನ ಸಂಶಯ ನಿಜವಾಗಿತ್ತು! ಕಳಶಗಿತ್ತಿಯ ಮುಖ ಉಳಿಯಿತು! ಯಾರಿಗೂ ಹೇಳದೆ ಲೂನಾ ಹತ್ತಿ ನೇರ ಗಣಪನ ಅಂಗಡಿಗೆ ಹೋದೆ.

ಗಣಪ ಆಗಷ್ಟೇ ದೇವರಿಗೆ ಊದುಬತ್ತಿ ಹಚ್ಚುತ್ತಿದ್ದವನು ಬೆಚ್ಚಿದ. "ಅಯ್ಯೋ ಹೆಗಡೇರೆ, ಇದೆಂಥ ಮುಖ? ಜೇನು ಹೊಡೀತಾ?"

"ಜೇನಲ್ಲ. ನಿನ್ನ ಅಂಗಡಿಯ ಸೌಮ್ಯ ಕ್ಲೆನ್ಸರ್!"

ಅದೇ ಬಾಟಲಿ ಹಿಡಿದು ನಿಂತಿದ್ದ ಶಾಲೆಯ ಚೇತನಾ ಅಕ್ಕೋರು ನನ್ನ ಬಲಗೆನ್ನೆ ನೋಡಿದರು, ಎಡಗೆನ್ನೆ ನೋಡಿದರು, ಬಾಟಲಿಯನ್ನು ಮೆಲ್ಲಗೆ ಕಪಾಟಿನಲ್ಲಿಟ್ಟರು. "ಹೇರ್‌ಪಿನ್ನಷ್ಟೇ ಸಾಕು," ಎಂದು ಹೊರಟರು.

"ನೋಡ್ರಿ, ಗಿರಾಕಿ ಓಡಿಸ್ಬಿಟ್ರಿ!" ಗಣಪ ಕೈಯಲ್ಲಿದ್ದ ಊದುಬತ್ತಿಯನ್ನೇ ನನ್ನತ್ತ ಚಾಚಿದ. "ನಮ್ಮನೇಲೂ ಇದನ್ನೇ ಹಚ್ಚೋದು. ಯಾರಿಗೂ ಏನೂ ಆಗ್ಲಿಲ್ಲ. ನಿಮ್ಮನೆಯವ್ರು ನಿನ್ನೆ ಸಂಜೆ ಇನ್ನೊಂದು ಬಾಟ್ಲಿ ಒಯ್ದ್ರಲ್ಲ, ಅವ್ರೇ ಚಲೋ ಇದೆ ಅಂದ್ರು!"

"ಯಾರು?"

"ಶ್ರೀವಾಣಿ ಅಮ್ಮನೋರು!"

ಇನ್ನೊಂದು ಬಾಟಲಿ! ನಾಳೆ ಯಲ್ಲಾಪುರಕ್ಕೆ ಹೊರಡುವವಳು ಇವತ್ತು ಹಚ್ಚದೆ ಬಿಡುತ್ತಾಳೆಯೇ? ಲೂನಾ ಅಂಥ ವೇಗ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದೆ. ಶ್ರೀವಾಣಿ ಬಚ್ಚಲುಮನೆಯಲ್ಲಿ ಬಗ್ಗಿ ನಿಂತಿದ್ದಳು. ಮುಖದ ತುಂಬ ಕ್ಲೆನ್ಸರ್!

"ತೊಳಿ! ಬೇಗ ತೊಳಿ!" ಎಂದು ಕೂಗುತ್ತಾ ಅವಳ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದೆ.

ಅವಳು ನಿಧಾನವಾಗಿ ನೆಟ್ಟಗಾದಳು. ಒದ್ದೆ ಸೀರೆ, ಒದ್ದೆ ಜಡೆ. ಮುಖ ಮಾತ್ರ ಬೆಳದಿಂಗಳ ಹಾಗೆ ತಣ್ಣಗಿತ್ತು.

"ನಿಂಗಕ್ಕೆ ಎಂತ ಆತು? ತಲೆ ಸರಿ ಇದ್ದಾ?"

"ಉರಿತಾ ಇಲ್ಯಾ?"

"ಎಂತಕ್ಕೆ ಉರಿಯವು? ಆನು ಸೋಮವಾರದಿಂದ ಹಚ್ಕ್ಯತ್ತಾ ಇದ್ದಿ. ಎಂತೂ ಆಜಿಲ್ಲೆ."

"ಸೋಮವಾರದಿಂದ! ಮುಟ್ಟಡ ಹೇಳಿದ್ನಲೇ?"

"ನಿಂಗಳ ತೀರ್ಪು ಕಾಯ್ತಾ ಕುಂತ್ರೆ ಸುಮಂತಂಗೆ ಮಕ್ಕಳಾಗ್ತು. ಮೊದ್ಲಿನ ಬಾಟ್ಲಿ ನಿನ್ನೆ ಖಾಲಿ ಆತು, ಇನ್ನೊಂದು ತಂದಿ." ಅಷ್ಟರಲ್ಲಿ ಅವಳ ಕಣ್ಣು ನನ್ನ ಬಲಗೆನ್ನೆಗೆ ಬಿತ್ತು. "ಅಯ್ಯೋ ದೇವ್ರೇ! ನಿಂಗೊ ಎಂತ ಹಚ್ಕ್ಯಂಡ್ರಿ?"

ಉತ್ತರ ಅಡುಗೆಮನೆಯಿಂದ ಬಂತು. ಆಯಿಯ ದನಿ.

"ಯನ್ನ ಸೊನೆ ಬಾಟ್ಲಿ ಮುಟ್ಟಿದ್ದು ಯಾರು? ಅರ್ಧ ಆಗೋಜಲಾ!"

ನಮ್ಮ ಮನೆಯಲ್ಲಿ ಖಾಲಿಯಾದ ಬಾಟಲಿ ಹೊರಗೆ ಹೋದ ಇತಿಹಾಸವಿಲ್ಲ. ಆಯಿಯ ಕೈಗೆ ಸಿಕ್ಕ ಬಾಟಲಿ ತೊಳೆಸಿಕೊಂಡು, ಒಣಗಿ, ಇನ್ನೊಂದು ಜನ್ಮ ಎತ್ತುತ್ತದೆ. ಗುರುವಾರ ಶ್ರೀವಾಣಿ ಖಾಲಿ ಮಾಡಿದ ಬಾಟಲಿಗೆ ಆಯಿ ಅಪ್ಪೆಮಿಡಿಯ ತೊಟ್ಟು ಮುರಿದು ತೊಟ್ಟಿಕ್ಕಿಸಿದ ಸೊನೆಯನ್ನು ಉಪ್ಪು ಬೆರೆಸಿ ತುಂಬಿಟ್ಟಿದ್ದಳು. ಊಟಕ್ಕೆ ಮಾಡುವ ಅಪ್ಪೆಹುಳಿಗೆ ಎರಡು ಹನಿ ಬಿದ್ದರೆ ಇಡೀ ಓಣಿ ಘಮಘಮಿಸುತ್ತದೆ. ಚರ್ಮಕ್ಕೆ ಬಿದ್ದರೆ ಸುಟ್ಟು ಕಪ್ಪಾಗುತ್ತದೆ. ಇದು ಶಿರಸಿಯ ಮಗುವಿಗೂ ಗೊತ್ತು. ನಾನು ಅದನ್ನು ವೃತ್ತಾಕಾರವಾಗಿ, ಮೆಲ್ಲಗೆ ತಿಕ್ಕಿಕೊಂಡಿದ್ದೆ.

ಆಯಿ ಹೊರಗೆ ಬಂದು ನನ್ನ ಮುಖ ನೋಡಿದಳು. ಅಯ್ಯೋ ಮಗನೇ ಎನ್ನುತ್ತಾಳೆಂದು ಕಾದೆ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು, ಮತ್ತೊಮ್ಮೆ ನನ್ನ ಕೆನ್ನೆ ನೋಡಿದಳು, ನಿಟ್ಟುಸಿರು ಬಿಟ್ಟಳು.

"ಮುಖಕ್ಕೆ ಎಣ್ಣೆ ಹಚ್ಚು ತಮಾ. ಅದು ವಾರ ಹತ್ತು ದಿನಕ್ಕೆ ಸರಿ ಆಗ್ತು. ಯನ್ನ ಸೊನೆ ಮುಂದಿನ ವರ್ಷದ ತನಕ ಇಲ್ಲೆ."

ಶ್ರೀವಾಣಿ ಸೀರೆಯ ಸೆರಗು ಹಿಂಡುತ್ತಾ, "ಅತ್ತೆ, ತೀರ್ಪು ಇವತ್ತೇ ಬಂತು ನೋಡಿ," ಎಂದಳು. ಇಬ್ಬರೂ ನಗತೊಡಗಿದರು. ನನಗೂ ನಗು ಬಂತು. ಆದರೆ ನಕ್ಕರೆ ಬಲಗಡೆ ಎಳೆಯುತ್ತಿತ್ತು.

ಸಂಜೆ ಗಣಪನ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಚೇತನಾ ಅಕ್ಕೋರ ಮನೆಗೂ ಹೋಗಿ ಹೇಳಿ ಬಂದೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಮೂವರೂ ಯಲ್ಲಾಪುರಕ್ಕೆ ಹೊರಟೆವು. ಶ್ರೀವಾಣಿ ನನ್ನ ಎಡಗಡೆಯ, ಕಡ್ಲೆಹಿಟ್ಟಿನ ಕೆನ್ನೆಯ ಕಡೆಯ ಸೀಟೇ ಬೇಕೆಂದು ಕೇಳಿ ಕೂತಳು.